ಆನೆಗೂ ಹಾವಳಿ, ಅಕ್ಕನಿಗೂ ಹಾವಳಿ: ರೇವತಿಯ ಕಥೆ ನಮ್ಮೂರ ರಂಗಕ್ಕೆ ಯಾಕೆ ಬರಬಾರದು?

ಕಾಡಾನೆ ಹಾವಳಿ. ಮಂಗಗಳ ಹಾವಳಿ. ಹಂದಿ ಹಾವಳಿ. ಮಂಗಳಮುಖಿಯರ ಹಾವಳಿ.

ಸಕಲೇಶಪುರ, ಆಲೂರು ಕಡೆ ಪೇಪರ್ ಓದುವವರಿಗೆ, ವಾಟ್ಸಾಪ್ ಗ್ರೂಪಲ್ಲಿ ಸುದ್ದಿ ನೋಡುವವರಿಗೆ ಈ ನಾಲ್ಕು ತಲೆಬರಹವೂ ಹೊಸದಲ್ಲ. ಮೊದಲ ಮೂರು ಪ್ರಾಣಿಗಳ ಬಗ್ಗೆ. ನಾಲ್ಕನೆಯದು ಮನುಷ್ಯರ ಬಗ್ಗೆ. ಪದ ಮಾತ್ರ ಒಂದೇ. ಆನೆ ತೋಟಕ್ಕೆ ನುಗ್ಗಿ ಕಾಫಿ ಗಿಡ ಮುರಿದರೂ ಹಾವಳಿ, ಸೀರೆ ಉಟ್ಟ ಒಬ್ಬರು ಅಂಗಡಿ ಮುಂದೆ ನಿಂತು ಹತ್ತು ರೂಪಾಯಿ ಕೇಳಿದರೂ ಹಾವಳಿ.

ಆನೆಗಾದರೂ ಅರಣ್ಯ ಇಲಾಖೆ ಇದೆ, ರೇಡಿಯೋ ಕಾಲರ್ ಇದೆ, ಅದು ಯಾಕೆ ಕಾಡು ಬಿಟ್ಟು ಬಂತು ಅಂತ ಕೇಳುವ ವಿಜ್ಞಾನಿಗಳಿದ್ದಾರೆ. ಈ ಅಕ್ಕಂದಿರು ಯಾಕೆ ಮನೆ ಬಿಟ್ಟು ಬಂದರು ಅಂತ ಕೇಳಿದವರು ಎಷ್ಟು ಜನ? ಕೇಳುವುದಿರಲಿ, ಅವರಲ್ಲೊಬ್ಬರು ತಾವಾಗಿಯೇ ರಂಗದ ಮೇಲೆ ನಿಂತು "ನಾನು ಯಾಕೆ ಮನೆ ಬಿಟ್ಟೆ ಅಂತ ಹೇಳ್ತೀನಿ, ಕೇಳಿ" ಅಂದರೂ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಅಶ್ಲೀಲ ಅನ್ನುತ್ತೇವೆ. ಹೆಂಗಸರು ಮಕ್ಕಳು ಕೂತು ನೋಡುವಂಥದ್ದಲ್ಲ ಅನ್ನುತ್ತೇವೆ.

ಆ ಮಾತಿಗೆ ಉತ್ತರ ಕೊಡುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಯಾರು ಈ ರೇವತಿ?

ಎ. ರೇವತಿ ತಮಿಳುನಾಡಿನ ನಾಮಕ್ಕಲ್ ಕಡೆಯ ಒಂದು ಹಳ್ಳಿಯವರು. ಹುಟ್ಟಿದ್ದು ಗಂಡು ಮಗುವಾಗಿ, ಇಟ್ಟ ಹೆಸರು ದೊರೈಸಾಮಿ. ಚಿಕ್ಕಂದಿನಿಂದಲೇ ತಾನು ಹೆಣ್ಣು ಅನ್ನುವ ಅರಿವು. ಶಾಲೆಯಲ್ಲಿ ಅಪಹಾಸ್ಯ, ಮನೆಯಲ್ಲಿ ಏಟು. ಅಣ್ಣಂದಿರು ಕ್ರಿಕೆಟ್ ಬ್ಯಾಟಿನಲ್ಲಿ ಹೊಡೆದದ್ದನ್ನು ಅವರೇ ಬರೆದಿದ್ದಾರೆ. ಮನೆ ಬಿಟ್ಟು ಓಡಿದರು. ದಿಲ್ಲಿ, ಮುಂಬೈ ಸುತ್ತಿದರು. ಹಿಜ್ರಾ ಸಮುದಾಯದ ಗುರುಗಳ ಹತ್ತಿರ ಸೇರಿದರು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾದರು. ಭಿಕ್ಷೆ ಬೇಡಿದರು, ಲೈಂಗಿಕ ಕೆಲಸ ಮಾಡಿದರು, ರೌಡಿಗಳಿಂದ ಪೊಲೀಸರಿಂದ ಪಡಬಾರದ ಪಾಡು ಪಟ್ಟರು. ಕೊನೆಗೆ ಬೆಂಗಳೂರಿಗೆ ಬಂದು, ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿಗಾಗಿ ದುಡಿಯುವ 'ಸಂಗಮ' ಸಂಸ್ಥೆ ಸೇರಿದರು. ಸಣ್ಣ ಕೆಲಸದಿಂದ ಶುರು ಮಾಡಿ ಅದೇ ಸಂಸ್ಥೆಯ ನಿರ್ದೇಶಕಿಯೂ ಆದರು.

2004ರಲ್ಲಿ ತಮಿಳಿನಲ್ಲಿ ತಮ್ಮಂಥವರ ಬದುಕುಗಳನ್ನು ಸಂಗ್ರಹಿಸಿ 'ಉಣರ್ವುಂ ಉರುವಮುಂ' ಪುಸ್ತಕ ಮಾಡಿದರು. 2010ರಲ್ಲಿ ಅವರದೇ ಆತ್ಮಕಥೆ ವಿ. ಗೀತಾ ಅವರ ಅನುವಾದದಲ್ಲಿ ಇಂಗ್ಲಿಷಿನಲ್ಲಿ ಬಂತು. ಕನ್ನಡಕ್ಕೆ ತಂದವರು ದು. ಸರಸ್ವತಿ. ಕನ್ನಡದ ಹೆಸರು 'ಬದುಕು ಬಯಲು'.

ಪುಸ್ತಕ ಅಲ್ಲಿಗೇ ನಿಲ್ಲಲಿಲ್ಲ, ರಂಗಕ್ಕೆ ಬಂತು. ಸಾಗರ ತಾಲ್ಲೂಕು ಹೆಗ್ಗೋಡಿನ 'ಜನಮನದಾಟ' ತಂಡ ಎಂ. ಗಣೇಶ್ ನಿರ್ದೇಶನದಲ್ಲಿ 'ಬದುಕು ಬಯಲು' ನಾಟಕ ಆಡಿತು. ತಮಿಳಿನಲ್ಲಿ ಎ. ಮಂಗೈ ಅವರ ನಿರ್ದೇಶನದಲ್ಲಿ 'ವೆಳ್ಳೈ ಮೊಳಿ' ಬಂತು. ಬಿಳಿ ಮಾತು ಎಂದು ಆ ಹೆಸರಿನ ಅರ್ಥ. ಅದರಲ್ಲಿ ರೇವತಿಯವರೇ ರಂಗದ ಮೇಲೆ ನಿಂತು ತಮ್ಮ ಬದುಕನ್ನು ತಾವೇ ಆಡಿ ತೋರಿಸಿದರು. ತನ್ನ ದೇಹ, ತನ್ನ ಆಸೆ, ತನ್ನ ಪ್ರೀತಿ, ತನ್ನ ಮೇಲೆ ನಡೆದ ಅತ್ಯಾಚಾರ, ತನ್ನ ಅಮ್ಮನ ಕಣ್ಣೀರು, ತನ್ನ ಪಾಲಿನ ಆಸ್ತಿಗಾಗಿ ನಡೆದ ಜಗಳ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.

2019ರಲ್ಲಿ ಅಮೆರಿಕದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ಬಟ್ಲರ್ ಗ್ರಂಥಾಲಯದ ಹೊರಗೋಡೆಯ ಮೇಲೆ ಕಲ್ಲಲ್ಲಿ ಕೆತ್ತಿರುವ ಹೆಸರುಗಳೆಲ್ಲ ಗಂಡಸರದ್ದು: ಹೋಮರ್, ಪ್ಲೇಟೋ, ಅರಿಸ್ಟಾಟಲ್. ವಿದ್ಯಾರ್ಥಿಗಳ ಒತ್ತಾಯದಿಂದ ಆ ಹೆಸರುಗಳ ಮೇಲ್ಗಡೆ ಹೆಣ್ಣು ಬರಹಗಾರರ ಹೆಸರಿನ ದೊಡ್ಡ ಬ್ಯಾನರ್ ಕಟ್ಟಿದರು. ಟೋನಿ ಮಾರಿಸನ್, ಮಾಯಾ ಏಂಜೆಲೋ ಹೆಸರಿನ ಸಾಲಿನಲ್ಲೇ ಎ. ರೇವತಿ ಅನ್ನುವ ಹೆಸರೂ ಇತ್ತು.

ನ್ಯೂಯಾರ್ಕಿನ ಗೋಡೆಯ ಮೇಲೆ ಜಾಗ ಸಿಕ್ಕವರಿಗೆ ನಮ್ಮ ಹೋಬಳಿಯ ರಂಗದ ಮೇಲೆ ಜಾಗ ಇಲ್ಲ. ಇದು ಯಾರಿಗೆ ಅವಮಾನ? ರೇವತಿಯವರಿಗಂತೂ ಅಲ್ಲ.

"ಹೆಂಗಸರು ಮಕ್ಕಳು ಕೂತು ನೋಡೋ ಹಂಗಿರಬೇಕು"

ನಮ್ಮ ಕಡೆಯ ಒಂದು ಊರ ಹಬ್ಬದ ಸಮಿತಿಯವರ ಮುಂದೆ ಈ ನಾಟಕದ ಮಾತು ಎತ್ತಿದ್ದೆವು. ಊರ ಹೆಸರು ಬೇಡ. ಹಿರಿಯರೊಬ್ಬರು ಬಹಳ ಮರ್ಯಾದೆಯಿಂದಲೇ ಹೇಳಿದರು: "ನೋಡಪ್ಪ, ನಾಟಕ ತರಿಸಕ್ಕೆ ನಮ್ಮದೇನೂ ತಕರಾರಿಲ್ಲ. ಆದ್ರೆ ಹೆಂಗಸರು ಮಕ್ಕಳು ಕೂತು ನೋಡೋ ಹಂಗಿರಬೇಕು."

ಸರಿ. ಹಾಗಾದರೆ ಹೆಂಗಸರು ಮಕ್ಕಳು ಕೂತು ಈಗ ಏನು ನೋಡುತ್ತಿದ್ದಾರೆ ಅಂತಲೂ ಮಾತಾಡೋಣ.

ಹಬ್ಬಕ್ಕೆ, ಜಾತ್ರೆಗೆ, ಗಣಪತಿ ಬಿಡುವ ದಿನಕ್ಕೆ ಆರ್ಕೆಸ್ಟ್ರಾ ತರಿಸುತ್ತೇವೆ. ರಾತ್ರಿ ಹತ್ತರ ಮೇಲೆ ಹಾಡು ಯಾವ ದಿಕ್ಕಿಗೆ ತಿರುಗುತ್ತದೆ, ಕುಣಿಯುವ ಹುಡುಗಿಯರಿಗೆ ಮುಂದಿನ ಸಾಲಿನಿಂದ ಎಂಥ ಮಾತು ಹಾರಿ ಬರುತ್ತದೆ, ನೋಟು ಹಿಡಿದು ರಂಗ ಹತ್ತುವವರು ಯಾರು, ಇದೆಲ್ಲ ನಿಮಗೂ ಗೊತ್ತು, ನಮಗೂ ಗೊತ್ತು. ಕಾಮಿಡಿ ಶೋ ಹೆಸರಲ್ಲಿ ಗಂಡಸೊಬ್ಬ ಸೀರೆ ಉಟ್ಟು, ಎದೆಗೆ ಬಟ್ಟೆ ತುರುಕಿಕೊಂಡು ಬಂದರೆ ಸಾಕು, ಇಡೀ ಊರು ಬಿದ್ದು ಬಿದ್ದು ನಗುತ್ತದೆ. ಎರಡರ್ಥದ ಮಾತು ಬಂದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ, ಅರ್ಥವಾಗದ ಮಕ್ಕಳೂ ನಗುತ್ತಾರೆ. ಆಗ ಯಾರೂ ಎದ್ದು ನಿಂತು ಸಂಸ್ಕೃತಿ ಹಾಳಾಯಿತು ಅನ್ನುವುದಿಲ್ಲ. ಸಮಿತಿಯ ಲೆಕ್ಕದ ಪುಸ್ತಕದಲ್ಲಿ ಅದು 'ಮನರಂಜನೆ' ಕಾಲಂಗೆ ಹೋಗುತ್ತದೆ.

ಅಂದರೆ ತಕರಾರು ಇರುವುದು ಲೈಂಗಿಕ ವಿಷಯದ ಬಗ್ಗೆ ಅಲ್ಲ. ಅದನ್ನು ಯಾರು ಹೇಳುತ್ತಾರೆ ಅನ್ನುವುದರ ಬಗ್ಗೆ. ಗಂಡಸು ತಮಾಷೆಗೆ ಹೇಳಿದರೆ ಮನರಂಜನೆ. ಹೆಣ್ಣು, ಅದರಲ್ಲೂ ರೇವತಿಯಂಥ ಹೆಣ್ಣು, ತನ್ನ ಮೈಮೇಲೆ ಏನಾಯಿತು ಅಂತ ಗಂಭೀರವಾಗಿ ಹೇಳಿದರೆ ಅಶ್ಲೀಲ. ನಗಿಸಿದರೆ ಒಪ್ಪಿಗೆ, ಅಳಿಸಿದರೆ, ಯೋಚನೆಗೆ ಹಚ್ಚಿದರೆ ಬೇಡ.

ರೇವತಿಯವರ ಕಥೆಯಲ್ಲೇ ಇದಕ್ಕೊಂದು ಸಾಕ್ಷಿ ಇದೆ. ಹುಡುಗನಾಗಿದ್ದಾಗ ಊರಿನ ಮಾರಿಯಮ್ಮನ ಹಬ್ಬದಲ್ಲಿ ಅವರು ಹೆಣ್ಣುವೇಷ ಹಾಕಿ ಕುಣಿದಿದ್ದರು. ಊರಿನವರು ಮೆಚ್ಚಿದರು. ಹಬ್ಬ ಮುಗಿಯಿತು, ವೇಷ ಕಳಚಬೇಕು. ಆ ಹುಡುಗನಿಗೆ ಕಳಚಲು ಬರಲಿಲ್ಲ, ಯಾಕೆಂದರೆ ಅದು ವೇಷವೇ ಆಗಿರಲಿಲ್ಲ. ಹಬ್ಬದ ದಿನ ಚಪ್ಪಾಳೆ ತಟ್ಟಿದ ಲೋಕವೇ ಮಾರನೆಯ ದಿನದಿಂದ ಏಟಿಗೆ ಶುರು ಹಚ್ಚಿಕೊಂಡಿತು.

ನಮ್ಮ ಸುಗ್ಗಿಯಲ್ಲಿ, ನಮ್ಮ ಪೌರಾಣಿಕ ನಾಟಕಗಳಲ್ಲಿ ಹೆಣ್ಣುವೇಷ ಹಾಕಿದ ಹುಡುಗರನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅವರಲ್ಲಿ ಯಾರಿಗಾದರೂ ಬಣ್ಣ ತೊಳೆಯುವಾಗ ಹೊಟ್ಟೆಯಲ್ಲಿ ಸಂಕಟವಾಗಿರಬಹುದು ಅಂತ ನಮಗೆ ಯಾವತ್ತಾದರೂ ಅನ್ನಿಸಿದೆಯೇ?

"ಇದು ನಮ್ಮ ಸಂಸ್ಕೃತಿ ಅಲ್ಲ"

ಎರಡನೆಯ ವಾದ ಇದು. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ, ಬೇಲೂರಿನವರೆಗೆ ಬಸ್ಸು ಹತ್ತಿದರೆ ಸಾಕು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದ ನವರಂಗದಲ್ಲಿ ಮೋಹಿನಿಯ ಕಂಬ ಇದೆ. ವಿಷ್ಣುವೇ ಹೆಣ್ಣಾಗಿ ನಿಂತ ರೂಪ ಅದು. ಒಂಬೈನೂರು ವರ್ಷದಿಂದ ಹೆಂಗಸರು ಮಕ್ಕಳು ಕೂತು, ನಿಂತು, ಸುತ್ತು ಬಂದು ನೋಡುತ್ತಲೇ ಇದ್ದಾರೆ.

ನಮ್ಮ ಊರುಗಳಲ್ಲಿ ಬೆಳಗಿನವರೆಗೆ ಆಡುವ 'ಕುರುಕ್ಷೇತ್ರ'ದ ಭೀಷ್ಮ ಬೀಳುವುದು ಯಾರ ಮುಂದೆ? ಶಿಖಂಡಿಯ ಮುಂದೆ. ಅಂಬೆಯಾಗಿ ಅವಮಾನ ಪಟ್ಟು, ಗಂಡಾಗಿ ಬಂದು ಲೆಕ್ಕ ಚುಕ್ತಾ ಮಾಡಿದ ಶಿಖಂಡಿ. ವಿರಾಟನ ಮನೆಯಲ್ಲಿ ಒಂದು ವರ್ಷ ಉತ್ತರೆಗೆ ನಾಟ್ಯ ಕಲಿಸಿದ್ದು ಯಾರು? ಬೃಹನ್ನಳೆ. ನಾವು ಕೈಮುಗಿಯುವ ಶಿವ ಅರ್ಧನಾರೀಶ್ವರ. ಕಥೆಯಲ್ಲಿ, ಕಲ್ಲಿನಲ್ಲಿ, ದೇವರ ಕೋಣೆಯಲ್ಲಿ ಎಲ್ಲ ಒಪ್ಪಿಗೆ. ಉಸಿರಾಡುವ ಮನುಷ್ಯರಾಗಿ ಎದುರಿಗೆ ಬಂದರೆ ಮಾತ್ರ ಸಂಸ್ಕೃತಿ ಅಡ್ಡ ಬರುತ್ತದೆ.

ಇನ್ನು, ಹೆಣ್ಣೊಬ್ಬಳು ತನ್ನ ದೇಹದ ಬಗ್ಗೆ ತಾನೇ ಸಭೆಯ ಮುಂದೆ ಮಾತಾಡುವುದು ಪರದೇಶದಿಂದ ಬಂದ ಫ್ಯಾಷನ್ ಅನ್ನುವವರಿಗೆ ಒಂದೇ ಹೆಸರು ಹೇಳುತ್ತೇವೆ: ಅಕ್ಕಮಹಾದೇವಿ. ಉಟ್ಟ ಬಟ್ಟೆ ಬಿಟ್ಟು, ಅರಮನೆ ಬಿಟ್ಟು, ಕಲ್ಯಾಣದ ಶರಣರ ಸಭೆಯಲ್ಲಿ ಅಲ್ಲಮನ ಪ್ರಶ್ನೆಗಳಿಗೆ ಎದುರು ನಿಂತು ಉತ್ತರ ಕೊಟ್ಟವಳು. ಅವಳನ್ನು ಈಗ ಅಕ್ಕ ಅನ್ನುತ್ತೇವೆ, ಜಯಂತಿ ಮಾಡುತ್ತೇವೆ. ಅವಳ ಕಾಲದಲ್ಲಿ ವಾಟ್ಸಾಪ್ ಗ್ರೂಪ್ ಇದ್ದಿದ್ದರೆ ನಮ್ಮವರೇ ಏನೇನು ಬರೆಯುತ್ತಿದ್ದರು ಅಂತ ಊಹಿಸಿಕೊಳ್ಳಿ.

ಹಾಗಾದರೆ ಈ 'ಅಶ್ಲೀಲ' ಅನ್ನುವ ಭಯ ಎಲ್ಲಿಂದ ಬಂತು? ಬಹಳ ಮಟ್ಟಿಗೆ ಬ್ರಿಟಿಷರ ಕಾನೂನು ಪುಸ್ತಕದಿಂದ. 1860ರ ದಂಡ ಸಂಹಿತೆಯಲ್ಲಿ 377ನೇ ಕಲಂ ಬಂತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಹಿಜ್ರಾಗಳ ಹೆಸರು ಪಟ್ಟಿ ಮಾಡಿ ಇಡಬೇಕು, ಹೆಣ್ಣುಡುಗೆ ತೊಟ್ಟು ಸಾರ್ವಜನಿಕವಾಗಿ ಹಾಡಿ ಕುಣಿದರೆ ಹಿಡಿಯಬಹುದು ಅಂತ ಬರೆದರು. 1876ರಲ್ಲಿ ನಾಟಕಗಳನ್ನೇ ನಿಷೇಧಿಸುವ ಅಧಿಕಾರ ಕೊಡುವ ಕಾಯ್ದೆ ಬಂತು. ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಬಿಳಿ ದೊರೆ ಕಲಿಸಿದ ನಾಚಿಕೆಯನ್ನು ನಾವು ಸನಾತನ ಅಂದುಕೊಂಡು ಹೊತ್ತು ತಿರುಗುತ್ತಿದ್ದೇವೆ.

ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರ ಕಥೆ ಇದಕ್ಕೆ ಸರಿಯಾದ ಉದಾಹರಣೆ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಮಹಾ ಗಾಯಕಿ ಅವರು. ದೇವದಾಸಿ ಕುಲದವರು. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಮುದ್ದುಪಳನಿ ಎಂಬ ಹೆಣ್ಣು ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಕಾವ್ಯವನ್ನು 1910ರಲ್ಲಿ ಅವರು ಅಚ್ಚು ಹಾಕಿಸಿದರು. ರಾಧೆಯ ಆಸೆಯನ್ನು ರಾಧೆಯ ಕಡೆಯಿಂದಲೇ ಹೇಳಿದ ಕಾವ್ಯ ಅದು. ದೊಡ್ಡ ಸಮಾಜ ಸುಧಾರಕರು ಅನ್ನಿಸಿಕೊಂಡ ಕಂದುಕೂರಿ ವೀರೇಶಲಿಂಗಂ ಅವರು ಹೆಣ್ಣಾಗಿ ಹೀಗೆ ಬರೆಯಬಹುದೇ ಅಂತ ಮುದ್ದುಪಳನಿಯನ್ನು ಹಳಿದಿದ್ದರು. ನಾಗರತ್ನಮ್ಮ ಬಿಡಲಿಲ್ಲ. ಗಂಡಸರು ಬರೆದ ಶೃಂಗಾರ ಕಾವ್ಯಗಳಲ್ಲಿ ಇದಕ್ಕಿಂತ ಹೆಚ್ಚಿನದೇ ಇದೆಯಲ್ಲ, ಅದಕ್ಕಿಲ್ಲದ ನಾಚಿಕೆ ಇದಕ್ಕೆ ಯಾಕೆ ಅಂತ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು. ನಿಷೇಧ ತೆಗೆದದ್ದು 1947ರಲ್ಲಿ.

ಗಂಡಸು ಬರೆದರೆ ಶೃಂಗಾರ, ಹೆಣ್ಣು ಬರೆದರೆ ಅಶ್ಲೀಲ. ನೂರು ವರ್ಷ ಕಳೆದರೂ ಹಬ್ಬದ ಸಮಿತಿಯ ತಕ್ಕಡಿ ಬದಲಾಗಿಲ್ಲ.

ಈ ತಕ್ಕಡಿ ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಅಮೆರಿಕದಲ್ಲಿ ಆನಿ ಸ್ಪ್ರಿಂಕಲ್ ಎಂಬಾಕೆ ಇದ್ದಾರೆ. ಲೈಂಗಿಕ ಕೆಲಸ ಮಾಡಿದವರು, ನೀಲಿ ಚಿತ್ರಗಳಲ್ಲಿ ನಟಿಸಿದವರು. ಅವರು ಆ ಬದುಕನ್ನೇ ಏಕವ್ಯಕ್ತಿ ಪ್ರದರ್ಶನ ಮಾಡಿ ರಂಗಕ್ಕೆ ತಂದಾಗ ಅಲ್ಲಿನ ಕೆಲವು ರಾಜಕಾರಣಿಗಳು ಸಾರ್ವಜನಿಕರ ದುಡ್ಡು ಇಂಥದ್ದಕ್ಕೆ ಹೋಗುತ್ತಿದೆ ಅಂತ ಗಲಾಟೆ ಎಬ್ಬಿಸಿದರು. 1990ರಲ್ಲಿ ಕರೆನ್ ಫಿನ್ಲೆ ಮತ್ತು ಇನ್ನೂ ಮೂವರು ಕಲಾವಿದರಿಗೆ ಸರ್ಕಾರದ ಅನುದಾನವನ್ನೇ ತಡೆದರು. ಅದೇ ಹೆಣ್ಣುಗಳ ಚಿತ್ರ ನೋಡಿ ದುಡ್ಡು ಮಾಡಿದ ಕಂಪನಿಗಳ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ. ಹೆಣ್ಣು ಸರಕಾಗಿ ಇರುವವರೆಗೆ ಲೋಕಕ್ಕೆ ತೊಂದರೆ ಇಲ್ಲ. ಆ ಸರಕು ಬಾಯಿ ಬಿಟ್ಟು ತನ್ನ ಕಥೆ ಹೇಳಿದರೆ ಎಲ್ಲ ದೇಶದ ಯಜಮಾನರಿಗೂ ಸಂಸ್ಕೃತಿ ನೆನಪಾಗುತ್ತದೆ.

"ಅವರು ಅಂಗಡಿಗಳಲ್ಲಿ ಗಲಾಟೆ ಮಾಡ್ತಾರಲ್ಲ?"

ಈ ಪ್ರಶ್ನೆ ಬಂದೇ ಬರುತ್ತದೆ. ಜಾರಿಕೊಳ್ಳುವುದಿಲ್ಲ, ಉತ್ತರ ಕೊಡುತ್ತೇವೆ.

ಬಲವಂತದಿಂದ ದುಡ್ಡು ಕಿತ್ತುಕೊಂಡರೆ ಅದು ತಪ್ಪು. ಯಾರು ಮಾಡಿದರೂ ತಪ್ಪು. ಆ ಒಬ್ಬರ ಮೇಲೆ ದೂರು ಕೊಡಿ. ಕಾಫಿ ಕದ್ದ ಒಬ್ಬನಿಗಾಗಿ ಅವನ ಜಾತಿಯವರನ್ನೆಲ್ಲ ಕಳ್ಳರು ಅಂದರೆ ನೀವು ಒಪ್ಪುತ್ತೀರಾ? ಆದರೆ 2011ರಲ್ಲಿ ನಮ್ಮದೇ ರಾಜ್ಯ ಹಾಗೆ ಮಾಡಿತು. ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಹೊಸ ಕಲಂ ಸೇರಿಸಿ, ಈ ಸಮುದಾಯದವರ ಪಟ್ಟಿ ಇಡುವ, ಅವರ ಓಡಾಟದ ಮೇಲೆ ಕಣ್ಣಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. 1871ರ ಬ್ರಿಟಿಷ್ ಕಾಯ್ದೆಯ ಮರಿ ಅದು. ಸಮುದಾಯದ ಸಂಘಟನೆಗಳು ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ ಸರ್ಕಾರ ಆ ಪದವನ್ನು ಕಾಯ್ದೆಯಿಂದ ತೆಗೆಯಬೇಕಾಯಿತು.

ಇನ್ನು ಅವರು ಯಾಕೆ ಕೈ ಚಾಚುತ್ತಾರೆ? ರೇವತಿಯವರ ಬದುಕೇ ಉತ್ತರ. ಶಾಲೆಯಲ್ಲಿ ಉಳಿಯಲು ಬಿಡಲಿಲ್ಲ. ಮನೆಯಲ್ಲಿ ಇರಲು ಬಿಡಲಿಲ್ಲ. ಬಾಡಿಗೆಗೆ ಮನೆ ಕೊಡುವವರಿಲ್ಲ. ಕೆಲಸ ಕೊಡುವವರಿಲ್ಲ. ನಮ್ಮ ಕಡೆಯನ್ನೇ ನೋಡಿ. ಕಾಫಿ ಕೊಯ್ಲಿಗೆ ಆಳು ಸಿಗುತ್ತಿಲ್ಲ ಅಂತ ಪ್ರತಿ ಡಿಸೆಂಬರಿನಲ್ಲಿ ಗೋಳಾಡುತ್ತೇವೆ, ದೂರದ ಅಸ್ಸಾಮಿನಿಂದ ಜನ ಕರೆತರುತ್ತೇವೆ. ನಮ್ಮಲ್ಲೇ ಹುಟ್ಟಿದ ಒಬ್ಬಳು ಟ್ರಾನ್ಸ್ ಹೆಣ್ಣಿಗೆ "ಬಾರಮ್ಮ, ನೀನೂ ಕೊಯ್ಯಿ, ಕೆ.ಜಿ.ಗೆ ಇಷ್ಟು ಕೊಡ್ತೀವಿ" ಅಂದ ತೋಟ ಎಷ್ಟಿವೆ? ಲೈನ್ ಮನೆಯಲ್ಲಿ ಒಂದು ಕೋಣೆ ಕೊಟ್ಟವರು ಎಷ್ಟು ಜನ? ಎಲ್ಲ ಬಾಗಿಲು ಹಾಕಿ, ಒಂದೇ ಬಾಗಿಲು ತೆರೆದಿಟ್ಟು, ಆ ಬಾಗಿಲಿನಿಂದ ಯಾಕೆ ಬಂದೆ ಅಂತ ಕೇಳುವುದು ಯಾವ ನ್ಯಾಯ?

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಅಲ್ಲದೆ 'ಇತರೆ' ಅಂತ ಬರೆಸಿದವರು ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ. ಧೈರ್ಯ ಮಾಡಿ ಬರೆಸಿದವರ ಲೆಕ್ಕ ಮಾತ್ರ ಇದು. ಅವರು ಯಾರೂ ಆಕಾಶದಿಂದ ಉದುರಿದವರಲ್ಲ. ಹೆತ್ತೂರಿನಂಥ, ಯಸಳೂರಿನಂಥ, ಪಾಳ್ಯದಂಥ, ಕುಂದೂರಿನಂಥ ಊರುಗಳಲ್ಲೇ ಹುಟ್ಟಿದವರು.

ಒಬ್ಬ ತಾಯಿಯನ್ನು ನಾವು ಬಲ್ಲೆವು. ಊರು ಹೇಳಬಾರದು, ಹೇಳುವುದಿಲ್ಲ. ಅವರ ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ ಅಂತ ಊರಿಗೆಲ್ಲ ಹೇಳಿದ್ದಾರೆ. ಅವಳು ಈಗ ಮಗನಲ್ಲ, ಮಗಳು. ವರ್ಷಕ್ಕೊಮ್ಮೆ ಹಬ್ಬದ ಹಿಂದಿನ ರಾತ್ರಿ ಕೊನೆಯ ಬಸ್ಸಿಗೆ ಬರುತ್ತಾಳೆ. ಕೂದಲು ಟೋಪಿಯೊಳಗೆ ಕಟ್ಟಿ, ಪ್ಯಾಂಟು ಶರಟು ತೊಟ್ಟು ಬರುತ್ತಾಳೆ. ಅವ್ವನ ಕೈಯ ಊಟ ಮಾಡಿ, ಮಾತ್ರೆಗೆ ದುಡ್ಡು ಕೊಟ್ಟು, ಕೋಳಿ ಕೂಗುವ ಮುಂಚೆ ಹೊರಡುತ್ತಾಳೆ. ಹಬ್ಬಕ್ಕೆ ಬರುತ್ತಾಳೆ, ಹಬ್ಬ ನೋಡುವುದಿಲ್ಲ. ಆ ತಾಯಿ ನಮ್ಮ ಹತ್ತಿರ ಕೇಳಿದ್ದು ಒಂದೇ ಮಾತು: "ಕಳ್ಳರು ಬೇಕಾದ್ರೂ ಹಗಲೊತ್ತು ಊರೊಳಗೆ ಓಡಾಡ್ತಾರೆ. ನನ್ನ ಕೂಸು ಏನು ತಪ್ಪು ಮಾಡ್ತು?"

ಅಶ್ಲೀಲ ಅನ್ನುವ ಪದ ಇದಕ್ಕೆ ಬಳಸಿ. ಮಗಳೊಬ್ಬಳು ಹೆತ್ತವ್ವನ ಮನೆಗೆ ಕಳ್ಳಿಯ ಹಾಗೆ ಬಂದು ಹೋಗುವಂತೆ ಮಾಡಿರುವ ಊರಿನ ಬಾಯಿಗೆ ಬಳಸಿ.

"ಸ್ವಂತ ವಿಷಯ ಊರ ಮುಂದೆ ಯಾಕೆ ಹೇಳಬೇಕು?"

ಒಳ್ಳೆಯ ಮನಸ್ಸಿನವರೂ ಇದನ್ನು ಕೇಳುತ್ತಾರೆ. "ಪಾಪ, ಅವರ ಪಾಡಿಗೆ ಅವರು ಇರಲಿ. ರಂಗದ ಮೇಲೆ ಬಂದು ಮೈಯ ವಿಷಯ ಯಾಕೆ ಹೇಳಬೇಕು?"

ಯಾಕೆಂದರೆ ಆ ವಿಷಯ ಈಗಾಗಲೇ ಊರ ಮುಂದಿದೆ. ಬಸ್ ಸ್ಟ್ಯಾಂಡಿನಲ್ಲಿ ಅವರ ಮೈಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಠಾಣೆಯಲ್ಲಿ ಮಾತಾಡುತ್ತಾರೆ. ಸಿನಿಮಾದಲ್ಲಿ ಅವರನ್ನಿಟ್ಟುಕೊಂಡು ನಗಿಸುತ್ತಾರೆ. ಯೂಟ್ಯೂಬಿನಲ್ಲಿ ಮುಖಕ್ಕೆ ಮೈಕ್ ಹಿಡಿದು, ಆಪರೇಷನ್ ಹೇಗೆ ಮಾಡಿಸಿಕೊಂಡಿರಿ ಅಂತ ನಾಚಿಕೆಯಿಲ್ಲದೆ ಕೇಳುತ್ತಾರೆ. ಎಲ್ಲರೂ ಅವರ ಬಗ್ಗೆ ಮಾತಾಡಬಹುದು, ಅವರು ಮಾತ್ರ ಮಾತಾಡಬಾರದು ಅನ್ನುವುದು ಯಾವ ಸೀಮೆಯ ಸಭ್ಯತೆ?

ರೇವತಿಯವರು ಮಾಡಿದ್ದು ಇಷ್ಟೇ: ಮಾತನ್ನು ಊರಿನ ಬಾಯಿಂದ ಕಿತ್ತು ತಮ್ಮ ಬಾಯಿಗೆ ತಂದುಕೊಂಡರು. ನಡುವೆ ಸಂದರ್ಶಕನಿಲ್ಲ, ನಗಿಸುವವನಿಲ್ಲ, ಪೊಲೀಸ್ ವರದಿ ಇಲ್ಲ. ನೋಡುವವರು ಒಂದೂವರೆ ಗಂಟೆ ಎದುರು ಕೂತು ಕೇಳಲೇಬೇಕು. ಫೋನಿನಲ್ಲಿ ಆದರೆ ಬೆರಳಿನಿಂದ ಮೇಲೆ ತಳ್ಳಿಬಿಡಬಹುದು. ರಂಗದ ಮೇಲೆ ನಿಂತ ಜೀವಂತ ಮನುಷ್ಯರನ್ನು ಹಾಗೆ ತಳ್ಳಲು ಆಗುವುದಿಲ್ಲ. ನಾಟಕಕ್ಕೆ ಇರುವ ಶಕ್ತಿ ಅದೇ. ಅದಕ್ಕೇ ಅದಕ್ಕೆ ಹೆದರುತ್ತಾರೆ.

ರಂಗ ಮನುಷ್ಯರನ್ನು ಎಲ್ಲಿಗೆ ಕರೆದೊಯ್ಯಬಲ್ಲದು ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಮಂಜಮ್ಮ ಜೋಗತಿ ಇದ್ದಾರೆ. ಬಳ್ಳಾರಿ ಸೀಮೆಯ ಹುಡುಗ ಮಂಜುನಾಥ, ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದರು. ಭಿಕ್ಷೆ ಬೇಡಿದರು, ಕಾಳವ್ವ ಜೋಗತಿಯವರ ಹತ್ತಿರ ಕುಣಿತ, ಹಾಡು, ಯಲ್ಲಮ್ಮನ ಕಥೆಯ ನಾಟಕ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ತೆಗೆದುಕೊಳ್ಳಲು ಹೋದಾಗ ಸೆರಗಿನ ತುದಿಯಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ಇಡೀ ದೇಶ ನೋಡಿತು. ಆ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ, ನೀವೂ ಕಣ್ಣೊರೆಸಿಕೊಂಡು ಹತ್ತು ಜನಕ್ಕೆ ಕಳಿಸಿರುತ್ತೀರಿ. ಅದೇ ಕಣ್ಣಿನಿಂದ ಬಿ.ಎಂ. ರಸ್ತೆಯ ಅಂಗಡಿ ಮುಂದೆ ನಿಂತವರನ್ನು ನೋಡಲು ಏನು ಕಷ್ಟ?

ಪೇಟೆಯವರಿಗೂ ಒಂದು ಮಾತು

ಬೆಂಗಳೂರಿನ ಕೆಲವರು ಇನ್ನೊಂದು ಬಗೆಯಲ್ಲಿ ನಮ್ಮನ್ನು ಅವಮಾನಿಸುತ್ತಾರೆ. "ಹಳ್ಳಿಯವರಿಗೆ ಇದೆಲ್ಲ ಅರ್ಥ ಆಗಲ್ಲ, ಅವರು ಇನ್ನೂ ರೆಡಿ ಇಲ್ಲ" ಅನ್ನುತ್ತಾರೆ. ಇಂಥ ನಾಟಕ ಆದರೆ ರಂಗಶಂಕರದಲ್ಲಿ, ಚರ್ಚೆ ಆದರೆ ಇಂಗ್ಲಿಷಿನಲ್ಲಿ.

ಸ್ವಾಮಿ, ರಾತ್ರಿ ಹತ್ತಕ್ಕೆ ಕೂತು ಬೆಳಗಿನ ಆರಕ್ಕೆ ಏಳುವ ಪ್ರೇಕ್ಷಕರು ನಾವು. ದ್ರೌಪದಿಯ ವಸ್ತ್ರಾಪಹರಣ ನೋಡಿ ಬೈದಿದ್ದೇವೆ, ಕರ್ಣನ ಸಾವು ನೋಡಿ ಅತ್ತಿದ್ದೇವೆ. ಹೆತ್ತವರು ನೀರಿಗೆ ಬಿಟ್ಟ ಮಗುವಿನ ಕಥೆ ಅರ್ಥವಾಗುವವರಿಗೆ ಹೆತ್ತವರು ಮನೆಯಿಂದ ಹೊರಗೆ ಹಾಕಿದ ಮಗುವಿನ ಕಥೆ ಅರ್ಥವಾಗುವುದಿಲ್ಲವೇ? ರೇವತಿಯವರೇ ಹಳ್ಳಿಯವರು. ಅವರ ಕಥೆ ಹೊಲ, ಮನೆ, ಅಣ್ಣತಮ್ಮ, ಪಾಲು, ಅಮ್ಮನ ಹಬ್ಬ ಇವುಗಳ ಕಥೆ. ಪೇಟೆಯವರಿಗಿಂತ ನಮಗೇ ಹೆಚ್ಚು ತಿಳಿಯುವ ಕಥೆ.

ನಮ್ಮ ಹಾಸನದ ಬಾನು ಮುಷ್ತಾಕ್ ಅವರನ್ನೇ ನೋಡಿ. ಹೆಣ್ಣುಮಕ್ಕಳ ಒಳಮನೆಯ ಸಂಕಟವನ್ನು ಬರೆದವರು, ಹೆಣ್ಣುಮಕ್ಕಳಿಗೂ ಮಸೀದಿ ಪ್ರವೇಶ ಇರಬೇಕು ಅಂದದ್ದಕ್ಕೆ 2000ದ ಹೊತ್ತಿಗೆ ಬಹಿಷ್ಕಾರ ಎದುರಿಸಿದವರು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಲಂಡನ್ನಿನಲ್ಲಿ ಬಹುಮಾನ ಬಂದ ಮೇಲೆ ನಮ್ಮವರು ಅನ್ನುವುದು ಸುಲಭ. ಮಾತಾಡುವ ಹೊತ್ತಿನಲ್ಲಿ ಕೇಳಿಸಿಕೊಳ್ಳುವುದು ಕಷ್ಟ. ಆ ಕಷ್ಟವನ್ನು ಈ ಸಲವಾದರೂ ಪಡೋಣ.

ಏನು ಮಾಡಬಹುದು?

ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ, ತಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಅನ್ನುವುದನ್ನು ಹೇಳುವ ಹಕ್ಕು ಆಯಾ ವ್ಯಕ್ತಿಗೇ ಸೇರಿದ್ದು ಅಂದಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ಕೂಡುವುದು 377ರ ಅಡಿ ಅಪರಾಧವಲ್ಲ ಅಂದಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ಕಾನೂನು ಮುಂದೆ ಹೋಗಿದೆ. ಊರು ಹಿಂದೆ ನಿಂತಿದೆ. ಊರನ್ನು ನಡೆಸುವುದು ಕೋರ್ಟಿನ ಕೆಲಸವಲ್ಲ, ನಮ್ಮದು.

ಹಬ್ಬದ ಸಮಿತಿಗಳಿಗೆ: ಐದು ದಿನದ ಕಾರ್ಯಕ್ರಮದಲ್ಲಿ ಒಂದು ಸಂಜೆ ಬಿಟ್ಟುಕೊಡಿ. 'ಬದುಕು ಬಯಲು' ಆಡಿದ ತಂಡವನ್ನೋ, ತಮ್ಮ ಕಥೆ ತಾವೇ ಹೇಳುವ ಕಲಾವಿದೆಯರನ್ನೋ ಕರೆಸಿ. ಆರ್ಕೆಸ್ಟ್ರಾಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಸಾಕು. ತೀರ ಸಣ್ಣ ಮಕ್ಕಳಿಗೆ ಬೇಡ ಅನ್ನಿಸಿದರೆ ಅವರನ್ನು ಮಲಗಿಸಿ ಬನ್ನಿ, ತಪ್ಪಿಲ್ಲ. ದೊಡ್ಡವರಾದರೂ ಕೂತು ನೋಡಿ.

ಪಂಚಾಯ್ತಿಗಳಿಗೆ: ನಿಮ್ಮ ಅರಿವು ಕೇಂದ್ರಕ್ಕೆ 'ಬದುಕು ಬಯಲು' ಪುಸ್ತಕದ ಒಂದು ಪ್ರತಿ ತರಿಸಿ. ಪರೀಕ್ಷೆಯ ಗೈಡುಗಳ ಪಕ್ಕದಲ್ಲೇ ಇಡಿ. ಯಾವ ಹುಡುಗ, ಯಾವ ಹುಡುಗಿ ಅದನ್ನು ಮೂಲೆಯಲ್ಲಿ ಕೂತು ಓದಿ ತಾನು ಒಬ್ಬಂಟಿಯಲ್ಲ ಅಂದುಕೊಳ್ಳುತ್ತದೋ ಯಾರಿಗೆ ಗೊತ್ತು?

ಪತ್ರಿಕೆ, ಚಾನೆಲ್, ಗ್ರೂಪ್ ಅಡ್ಮಿನ್‌ಗಳಿಗೆ: ಮನುಷ್ಯರಿಗೆ 'ಹಾವಳಿ' ಅನ್ನುವ ಪದ ನಿಲ್ಲಿಸಿ. ಘಟನೆ ನಡೆದರೆ ಘಟನೆ ಬರೆಯಿರಿ, ಅವರ ಹೇಳಿಕೆಯನ್ನೂ ಬರೆಯಿರಿ.

ತೋಟದವರಿಗೆ: ಈ ಕೊಯ್ಲಿಗೆ ಕೆಲಸ ಕೇಳಿ ಬಂದವರ ಕೈ ನೋಡಿ, ಸೀರೆ ನೋಡಬೇಡಿ.

ಅಪ್ಪ ಅಮ್ಮಂದಿರಿಗೆ: ನಿಮ್ಮ ಹುಡುಗ ಹುಡುಗಿಯ ಹಾಗೆ ನಡೆಯುತ್ತಾನೆ ಅಂತ ಬೆಲ್ಟು ಬಿಚ್ಚುವ ಮುಂಚೆ, ರೇವತಿಯವರ ಅಣ್ಣಂದಿರ ಬ್ಯಾಟು ನೆನಪಿರಲಿ. ಅಷ್ಟು ಹೊಡೆದರೂ ಅವರು ಬದಲಾಗಲಿಲ್ಲ. ಬದಲಾಗುವಂಥದ್ದು ಅದಲ್ಲ. ಆ ಮನೆ ಒಂದು ಮಗುವನ್ನು ಕಳೆದುಕೊಂಡಿತು, ಅಷ್ಟೇ.

ನಾಟಕ ನೋಡಿದ ಮೇಲೆ ನಿಮಗೆ ಇಷ್ಟವಾಗದಿರಬಹುದು. ನಟನೆ ಸರಿಯಿಲ್ಲ ಅನ್ನಿ, ಉದ್ದವಾಯಿತು ಅನ್ನಿ, ಕಥೆ ಒಪ್ಪಲಿಲ್ಲ ಅನ್ನಿ. ಎದ್ದು ನಿಂತು ಕಲಾವಿದೆಗೇ ಪ್ರಶ್ನೆ ಕೇಳಿ, ಅವರು ಉತ್ತರ ಕೊಡುತ್ತಾರೆ. ಆದರೆ ನೋಡದೆ, ಓದದೆ, ಕೇಳದೆ ಅಶ್ಲೀಲ ಅನ್ನಬೇಡಿ.

ಹಬ್ಬದ ಸಮಿತಿಯ ಆ ಹಿರಿಯರಿಗೂ ನಮ್ಮ ಉತ್ತರ ಇದೇ. ಹೆಂಗಸರು ಮಕ್ಕಳು ಕೂತು ನೋಡುವ ಹಾಗೆ ಇರಬೇಕು ಅಂದಿರಿ. ರಾತ್ರಿ ಕೊನೆಯ ಬಸ್ಸಿಗೆ ಟೋಪಿ ಹಾಕಿಕೊಂಡು ಬರುವ ಆ ಕೂಸೂ ಒಬ್ಬಳು ಹೆಂಗಸು, ಈ ಊರಿನದೇ ಮಗು. ಮೊದಲು ಅವಳಿಗೆ ಕೂರಲು ಒಂದು ಜಾಗ ಮಾಡಿ.